ಎರಡು ರಗ್ಬಿ, ಎರಡು ಖಾತೆ: ವೇಲ್ಸ್ ಆಟಗಾರರ ವೃತ್ತಿಜೀವನವನ್ನು ತಪ್ಪಿಲ್ಲದೆ ದಾಖಲಿಸುವ ಬಗೆ

ವೇಲ್ಸ್‌ನ ರಗ್ಬಿ ಆಟಗಾರರೊಬ್ಬರ ಬಗ್ಗೆ ಕನ್ನಡ ವಿಕಿಪೀಡಿಯಕ್ಕೋ, ಪತ್ರಿಕೆಯ ಕ್ರೀಡಾಪುಟಕ್ಕೋ, ಭಾನುವಾರದ ಕ್ವಿಜ್‌ಗೋ ಬರೆಯಲು ಕೂತವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ರಗ್ಬಿ ಯೂನಿಯನ್ ಮತ್ತು ರಗ್ಬಿ ಲೀಗ್ ಎರಡನ್ನೂ ಆಡಿದವರ ಪಂದ್ಯ, ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತುವುದು), ಅಂಕಗಳನ್ನೆಲ್ಲ ಒಂದೇ ಪಟ್ಟಿಗೆ ಸುರಿದು ಕೂಡಿಸಿಬಿಡುತ್ತಾರೆ. ಈ ಎರಡೂ ಬೇರೆ ಆಟಗಳು. ಯೂನಿಯನ್‌ನಲ್ಲಿ 15 ಜನ, ಲೀಗ್‌ನಲ್ಲಿ 13. ಅಂಕದ ಲೆಕ್ಕ ಬೇರೆ, ಆಡಳಿತ ಮಂಡಳಿ ಬೇರೆ, ಸುಮಾರು ನೂರು ವರ್ಷ ಒಂದಕ್ಕೊಂದು ಮುಖ ಕೊಟ್ಟು ಮಾತಾಡಿರಲಿಲ್ಲ. ಹಾಗಾಗಿ ಕೆಲಸ ಶುರು ಮಾಡುವ ಮೊದಲೇ ಎರಡು ಹಾಳೆ ತೆಗೆದುಕೊಳ್ಳಿ. ಒಂದರ ಒಟ್ಟು ಮೊತ್ತ ಇನ್ನೊಂದಕ್ಕೆ ಹೋಗಬಾರದು, ಇಡೀ ಕ್ರಮ ಅಷ್ಟೇ. ಮುಂದೆ ಹೇಳುವುದೆಲ್ಲ ಅದನ್ನು ಕೆಡಿಸುವ ಸಂದರ್ಭಗಳು.

ಬೆಂಗಳೂರಿನಲ್ಲಿ ಬರೆಯುವವರಿಗೆ ಒಂದು ತೊಡಕು ಹೆಚ್ಚು. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ತಂಡ ಆಡಿದ್ದನ್ನು ನೋಡಿ, ರಗ್ಬಿ ಲೀಗ್ ಅಂದರೆ ಅದೇ ಎಂದುಕೊಂಡವರು ಇದ್ದಾರೆ. ಅಲ್ಲಿ ಆಡಿದ್ದು ಏಳು ಜನರ ಸೆವೆನ್ಸ್. ಅದು ಯೂನಿಯನ್‌ನ ಕವಲು, ಟ್ರೈಗೆ ಐದು ಅಂಕ. ನಮ್ಮ ಟೂರ್ನಿಯ ಹೆಸರಿನಲ್ಲಿರುವ ಲೀಗ್‌ಗೂ 13 ಜನರ ರಗ್ಬಿ ಲೀಗ್ ಆಟಕ್ಕೂ ಸಂಬಂಧವಿಲ್ಲ. ಆದ್ದರಿಂದ ಬರಹದಲ್ಲಿ ಮೊದಲ ಸಲ ಬಂದಾಗ 'ಹದಿಮೂರು ಜನರ ರಗ್ಬಿ ಲೀಗ್' ಎಂದೇ ಬರೆಯಿರಿ. ಆಮೇಲೆ ಬರಿದೆ ಲೀಗ್ ಅಂದರೂ ಓದುಗರಿಗೆ ಗೊಂದಲವಾಗದು.

ಮೊದಲು ಆಟಗಾರ ಯಾವ ಗುಂಪಿನವರು ಎಂದು ತೀರ್ಮಾನಿಸಿ

ಎರಡೂ ಆಡಿದವರೆಲ್ಲ ಎರಡರಲ್ಲೂ ಅಂತರರಾಷ್ಟ್ರೀಯ ಆಟಗಾರರಲ್ಲ. ಇದು ಕ್ವಿಜ್‌ಗಳಲ್ಲಿ ತಪ್ಪು ಪ್ರಶ್ನೆ ಹುಟ್ಟುವ ಜಾಗ.

ಎರಡರಲ್ಲೂ ದೇಶಕ್ಕೆ ಆಡಿದವರು ಒಂದು ಗುಂಪು: ಲೂಯಿಸ್ ಜೋನ್ಸ್, ಡೇವಿಡ್ ವಾಟ್ಕಿನ್ಸ್, ಜೊನಾಥನ್ ಡೇವಿಸ್, ಸ್ಕಾಟ್ ಗಿಬ್ಸ್, ಅಲನ್ ಬೇಟ್‌ಮನ್, ಗ್ಯಾರೆತ್ ಥಾಮಸ್. ಯೂನಿಯನ್‌ನಲ್ಲಿ ಬೆಳೆದು, ವೇಲ್ಸ್ ಕ್ಯಾಪ್, ಅಂದರೆ ದೇಶದ ಪರ ಆಡಿದ ಲೆಕ್ಕ, ಸಿಗುವ ಮೊದಲೇ ಉತ್ತರ ಇಂಗ್ಲೆಂಡಿನ ಲೀಗ್ ಕ್ಲಬ್‌ಗಳಿಗೆ ಹೋದವರು ಇನ್ನೊಂದು ಗುಂಪು. ಕಾರ್ಡಿಫ್‌ನ ಜಿಮ್ ಸಲಿವನ್ 1921ರಲ್ಲಿ ವಿಗನ್ ಸೇರಿದಾಗ ಇನ್ನೂ ಹದಿನೇಳರ ಹುಡುಗ. ಯೂನಿಯನ್‌ನಲ್ಲಿ ವೇಲ್ಸ್ ಪರ ಒಂದೂ ಪಂದ್ಯವಿಲ್ಲ. ಬಿಲ್ಲಿ ಬಾಸ್ಟನ್ 1953ರಲ್ಲಿ 3,000 ಪೌಂಡ್‌ಗೆ ವಿಗನ್ ಸೇರಿದರು, ಅವರಿಗೂ ವೇಲ್ಸ್ ಯೂನಿಯನ್ ಕ್ಯಾಪ್ ಇಲ್ಲ. ಗಸ್ ರಿಸ್ಮನ್ ಇದೇ ಸಾಲಿನವರು. ಇವರ ಹೆಸರಿನ ಮುಂದೆ 'ಎರಡೂ ರಗ್ಬಿಯ ಅಂತರರಾಷ್ಟ್ರೀಯ ಆಟಗಾರ' ಎಂದು ಬರೆದರೆ ತಪ್ಪು. ಹಾಗಂತ ಇವರು ಕಡಿಮೆ ಎಂದಲ್ಲ. ಬಾಸ್ಟನ್, ರಿಸ್ಮನ್ ಮತ್ತು ಕ್ಲೈವ್ ಸಲಿವನ್ ಮೂವರ ಪ್ರತಿಮೆ 2023ರಲ್ಲಿ ಕಾರ್ಡಿಫ್ ಬೇಯಲ್ಲಿ ನಿಂತಿತು. 2025ರಲ್ಲಿ ಬಾಸ್ಟನ್‌ಗೆ ಸರ್ ಪದವಿ ಬಂತು, ಲೀಗ್ ಆಟಗಾರರಲ್ಲಿ ಅವರೇ ಮೊದಲಿಗರು. ಕ್ಯಾಪ್ ಇಲ್ಲದವರ ಲೇಖನವನ್ನು ಕ್ಯಾಪ್‌ನಿಂದ ಶುರು ಮಾಡಬೇಡಿ, ಅಷ್ಟೇ.

ಮೂರನೆಯ ದಾರಿ ತಿರುಗುಮುರುಗು. ಯೆಸ್ಟಿನ್ ಹ್ಯಾರಿಸ್ ಹುಟ್ಟಿದ್ದು ಇಂಗ್ಲೆಂಡಿನ ಓಲ್ಡಂನಲ್ಲಿ, ಬೆಳೆದದ್ದು ಲೀಗ್‌ನಲ್ಲಿ. 2001ರಲ್ಲಿ ಲೀಡ್ಸ್ ಬಿಟ್ಟು ಕಾರ್ಡಿಫ್‌ಗೆ ಬಂದು ಯೂನಿಯನ್‌ನಲ್ಲಿ ವೇಲ್ಸ್‌ಗೆ 25 ಪಂದ್ಯ ಆಡಿ, 2004ರಲ್ಲಿ ಬ್ರಾಡ್‌ಫರ್ಡ್ ಮೂಲಕ ಲೀಗ್‌ಗೆ ವಾಪಸಾದರು. ಇಂಥವರಿಗೆ ಲೀಗ್ ಹಾಳೆ ಮೇಲೆ, ಯೂನಿಯನ್ ಹಾಳೆ ಕೆಳಗೆ.

ದಾಟಿದ ದಿನವನ್ನು ಗಟ್ಟಿ ಮಾಡಿ

ಪ್ರತಿ ಆಟಗಾರರಿಗೂ ನಾಲ್ಕು ದಿನಾಂಕ ಹುಡುಕಿ: ಕೊನೆಯ ಯೂನಿಯನ್ ಪಂದ್ಯ, ಲೀಗ್ ಕ್ಲಬ್‌ಗೆ ಸಹಿ ಹಾಕಿದ ದಿನ, ಮೊದಲ ಲೀಗ್ ಪಂದ್ಯ, ಮರಳಿದ್ದರೆ ಮರಳಿದ ದಿನ. ಸಹಿಗೂ ಮೊದಲ ಪಂದ್ಯಕ್ಕೂ ನಡುವೆ ದಿನಗಳು, ಕೆಲವೊಮ್ಮೆ ವಾರಗಳು ಕಳೆದಿರುತ್ತವೆ. ಪತ್ರಿಕೆಗಳು ಸಹಿಯ ಸುದ್ದಿಯನ್ನು ಮೊದಲ ಪುಟಕ್ಕೆ ತಂದು, ಮೊದಲ ಪಂದ್ಯವನ್ನು ಒಳಪುಟದಲ್ಲಿ ಮುಗಿಸಿರುತ್ತವೆ. ನಕಲು ಮಾಡುವವರು ಎರಡನ್ನೂ ಒಂದೇ ದಿನವೆಂದು ಬರೆಯುತ್ತಾರೆ.

ಮರಳಿದ ದಿನಾಂಕಕ್ಕೆ ಒಂದು ಗಡಿ ಇದೆ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್‌ಗಳು ಸೇರಿ, ಮುಂದೆ ರಗ್ಬಿ ಲೀಗ್ ಆದ ನಾರ್ದರ್ನ್ ಯೂನಿಯನ್ ಕಟ್ಟಿದ್ದು, ಶನಿವಾರ ಆಡಲು ಹೋಗಿ ಕಳೆದುಕೊಂಡ ಕೂಲಿಗೆ ಪರಿಹಾರ ಕೊಡಬೇಕೇ ಬೇಡವೇ ಎಂಬ ಜಗಳದಿಂದ. ಅಲ್ಲಿಂದ 1995ರ ಆಗಸ್ಟ್‌ವರೆಗೆ, ಅಂದರೆ ಯೂನಿಯನ್ ಸಂಬಳದ ಆಟವಾಗುವವರೆಗೆ, ಲೀಗ್‌ಗೆ ಹೋದವರಿಗೆ ಯೂನಿಯನ್ ಬಾಗಿಲು ಬಂದ್. ಆದ್ದರಿಂದ 1995ಕ್ಕಿಂತ ಮುಂಚೆ ಒಬ್ಬರು ಲೀಗ್‌ಗೆ ಹೋಗಿ ಯೂನಿಯನ್‌ಗೆ ವಾಪಸ್ ಬಂದರು ಎಂದು ನಿಮ್ಮ ಹಾಳೆ ಹೇಳುತ್ತಿದ್ದರೆ ಪೆನ್ನು ಕೆಳಗಿಡಿ. ಎರಡು ಸಾಧ್ಯತೆ: ಇಬ್ಬರು ಬೇರೆ ಬೇರೆ ಆಟಗಾರರು ಬೆರೆತಿದ್ದಾರೆ, ಇಲ್ಲವೇ ಅದು ಯುದ್ಧಕಾಲ. ಎರಡನೇ ಮಹಾಯುದ್ಧದಲ್ಲಿ ಸೇನಾ ತಂಡಗಳ ಮಟ್ಟಿಗೆ ನಿಷೇಧ ಸಡಿಲಿಸಿದ್ದರು. 1943 ಮತ್ತು 1944ರಲ್ಲಿ ಲೀಗ್ ಆಟಗಾರರ ಸೇನಾ ತಂಡ ಯೂನಿಯನ್ ಆಟಗಾರರ ಸೇನಾ ತಂಡವನ್ನು, ಅದೂ ಯೂನಿಯನ್ ನಿಯಮದಲ್ಲೇ, ಎರಡು ಸಲ ಸೋಲಿಸಿತು. ಈ ಪಂದ್ಯಗಳಿಗೆ ಕ್ಯಾಪ್ ಇಲ್ಲ. ಇವಕ್ಕೆ ಮೂರನೆಯ, ಚಿಕ್ಕ ಪಟ್ಟಿ ಮಾಡಿ. 1996ರ ಮೇನಲ್ಲಿ ಲೀಗ್‌ನ ವಿಗನ್ ಮತ್ತು ಯೂನಿಯನ್‌ನ ಬಾತ್ ಕ್ಲಬ್‌ಗಳು ಒಂದೊಂದು ಪಂದ್ಯ ಒಂದೊಂದು ನಿಯಮದಲ್ಲಿ ಆಡಿದವಲ್ಲ, ಲೀಗ್‌ನಲ್ಲಿ ವಿಗನ್ 82–6, ಯೂನಿಯನ್‌ನಲ್ಲಿ ಬಾತ್ 44–19, ಅವೂ ಅಲ್ಲಿಗೇ.

ಅಂಕದ ತಾಳೆ

ಇಲ್ಲಿ ಸಮಯ ಕೊಡಿ. ಉಳಿದ ತಪ್ಪುಗಳು ಓದುಗರ ಕಣ್ಣಿಗೆ ಬೀಳುತ್ತವೆ, ಅಂಕದ ತಪ್ಪು ವರ್ಷಗಟ್ಟಲೆ ನಕಲಾಗುತ್ತಲೇ ಹೋಗುತ್ತದೆ. ಕನ್ವರ್ಷನ್ ಅಂದರೆ ಟ್ರೈ ಆದ ಮೇಲಿನ ಒದೆತ, ಪೆನಾಲ್ಟಿ ಎದುರಾಳಿಯ ತಪ್ಪಿಗೆ ಸಿಗುವ ಒದೆತ, ಡ್ರಾಪ್ ಗೋಲ್ ಆಟದ ನಡುವೆ ಚೆಂಡನ್ನು ನೆಲಕ್ಕೆ ಪುಟಿಸಿ ಒದ್ದದ್ದು. ಲೀಗ್ ದಾಖಲೆಗಳಲ್ಲಿ ಈ ಮೂರಕ್ಕೂ ಗೋಲ್ ಎಂದೇ ಹೆಸರು. ಈ ಕೋಷ್ಟಕವನ್ನು ಹಾಳೆಯ ತಲೆಗೆ ಬರೆದಿಟ್ಟುಕೊಳ್ಳಿ:

ಯೂನಿಯನ್: ಟ್ರೈ 1971ರವರೆಗೆ 3, ಅಲ್ಲಿಂದ 4, 1992ರಿಂದ 5. ಕನ್ವರ್ಷನ್ 2. ಪೆನಾಲ್ಟಿ 3. ಡ್ರಾಪ್ ಗೋಲ್ 1948ರವರೆಗೆ 4, ಆಮೇಲೆ 3.
ಲೀಗ್: ಟ್ರೈ 1983ರವರೆಗೆ 3, ಆಮೇಲೆ 4. ಕನ್ವರ್ಷನ್, ಪೆನಾಲ್ಟಿ ಎರಡಕ್ಕೂ 2. ಡ್ರಾಪ್ ಗೋಲ್ ಬ್ರಿಟನ್‌ನಲ್ಲಿ 1974ರವರೆಗೆ 2, ಆಮೇಲೆ 1.

ಈಗ ಒಂದು ದಾಖಲೆಯನ್ನು ತಾಳೆ ನೋಡೋಣ. ಲೂಯಿಸ್ ಜೋನ್ಸ್ 1956–57ರ ಲೀಗ್ ಋತುವಿನಲ್ಲಿ 496 ಅಂಕ ಗಳಿಸಿದರು. ಒಂದೇ ಋತುವಿನಲ್ಲಿ ಅಷ್ಟು ಅಂಕ ಆಮೇಲೆ ಯಾರಿಗೂ ಬಂದಿಲ್ಲ. ವಿವರ: 194 ಗೋಲ್, 36 ಟ್ರೈ. 194ನ್ನು 2ರಿಂದ ಗುಣಿಸಿದರೆ 388, 36ನ್ನು 3ರಿಂದ ಗುಣಿಸಿದರೆ 108, ಕೂಡಿದರೆ 496. ಸರಿ ಹೋಯಿತು. ಇದೇ ಲೆಕ್ಕವನ್ನು ಇಂದಿನ ನಾಲ್ಕು ಅಂಕದ ಟ್ರೈ ಹಿಡಿದು ಮಾಡಿದರೆ 532 ಬರುತ್ತದೆ. ಆಗ 'ಮೂಲದಲ್ಲೇ ತಪ್ಪಿದೆ' ಎಂದು ತಿದ್ದುವ ಉತ್ಸಾಹಿಗಳು ಸರಿಯಾದುದನ್ನು ಕೆಡಿಸುತ್ತಾರೆ. ಇನ್ನೊಂದು ಸಂಖ್ಯೆಯೂ ನಿಮಗೆ ಸಿಗುತ್ತದೆ: 431. ಅದೂ ತಪ್ಪಲ್ಲ. ಲೀಡ್ಸ್ ಕ್ಲಬ್ ಪರ ಮಾತ್ರ ಗಳಿಸಿದ್ದು ಅಷ್ಟು, 166 ಗೋಲ್ ಮತ್ತು 33 ಟ್ರೈ, ಅಂದರೆ 332 ಮತ್ತು 99. ಉಳಿದ 65 ಪ್ರಾತಿನಿಧಿಕ ಪಂದ್ಯಗಳದ್ದು. ಎರಡು ಮೂಲ ಎರಡು ಸಂಖ್ಯೆ ಹೇಳಿದಾಗ ಒಂದನ್ನು ಹೊಡೆದುಹಾಕುವ ಮೊದಲು, ಒಂದು ಕ್ಲಬ್‌ನದೋ ಇನ್ನೊಂದು ಒಟ್ಟು ಋತುವಿನದೋ ಎಂದು ನೋಡಿ. ಬಹುಪಾಲು ಜಗಳ ಅಲ್ಲೇ ತೀರುತ್ತದೆ.

ಅದೇ ಜೋನ್ಸ್ ಯೂನಿಯನ್ ಹಾಳೆಯಲ್ಲಿ: 1950ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಜಂಟಿ ತಂಡವಾದ ಲಯನ್ಸ್ ಪರ ಬ್ರಿಸ್ಬೇನ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯ ವಿರುದ್ಧ 16 ಅಂಕ. ಒಂದು ಟ್ರೈ 3, ಎರಡು ಕನ್ವರ್ಷನ್ 4, ಎರಡು ಪೆನಾಲ್ಟಿ 6, ಒಂದು ಡ್ರಾಪ್ ಗೋಲ್ 3. ಇಲ್ಲಿ ಪೆನಾಲ್ಟಿಗೆ ಮೂರು, ಅಲ್ಲಿ ಎರಡು. ಒಬ್ಬರದೇ ಕಾಲು, ಅಷ್ಟೇ ದೂರದ ಒದೆತ, ಆದರೂ ಹಾಳೆ ಬದಲಾದರೆ ಬೆಲೆ ಬದಲು.

ಜಿಮ್ ಸಲಿವನ್ ಅವರ ಲೀಗ್ ಒಟ್ಟು 6,022 ಅಂಕವೂ ಹೀಗೇ ಒಡೆಯುತ್ತದೆ: 2,867 ಗೋಲ್‌ಗೆ 5,734, 96 ಟ್ರೈಗೆ 288. ಡೇವಿಡ್ ವಾಟ್ಕಿನ್ಸ್ 1972–73ರಲ್ಲಿ ಸಾಲ್ಫರ್ಡ್‌ನಲ್ಲಿದ್ದಾಗ ಗಳಿಸಿದ 493ಕ್ಕೆ 221 ಗೋಲ್, 17 ಟ್ರೈ. ನೀವೇ ಮಾಡಿ ನೋಡಿ. ಜೋನ್ಸ್ ಅವರ 496 ಸೇರಿ ಈ ಮೂರೂ ಲೀಗ್ ಮೊತ್ತಗಳು 1974ಕ್ಕೆ ಮೊದಲಿನವು, ಆಗ ಯಾವ ಗೋಲ್ ಆದರೂ ಎರಡೇ ಅಂಕವಾದ್ದರಿಂದ ಲೆಕ್ಕ ಸುಲಭ. 1974ರ ನಂತರ 'ಗೋಲ್' ಎಂಬ ಒಂದೇ ಕಾಲಂ ಸಾಲದು. ಡ್ರಾಪ್ ಗೋಲ್‌ಗೆ ಬೇರೆ ಕಾಲಂ ಮಾಡದಿದ್ದರೆ ಒಂದೊಂದಕ್ಕೂ ಒಂದು ಅಂಕ ಹೆಚ್ಚಾಗಿ ಬರುತ್ತದೆ, ಮೊತ್ತ ಯಾವತ್ತೂ ತಾಳೆಯಾಗುವುದಿಲ್ಲ. ಜೊನಾಥನ್ ಡೇವಿಸ್ ವೇಲ್ಸ್ ಪರ ಯೂನಿಯನ್‌ನಲ್ಲಿ ಹೊಡೆದ ಡ್ರಾಪ್ ಗೋಲ್ 13, ಅಂಕ 39. ಅಷ್ಟನ್ನೇ ಅವರು ಆ ಕಾಲದ ಲೀಗ್‌ನಲ್ಲಿ ಹೊಡೆದಿದ್ದರೆ ಬರುತ್ತಿದ್ದುದು 13.

ಎರಡು ಆಟದ ಟ್ರೈಗಳನ್ನಾದರೂ ಕೂಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಸಂಖ್ಯೆ ಕೂಡುತ್ತದೆ, ಅರ್ಥ ಕೂಡುವುದಿಲ್ಲ. ಲೀಗ್‌ನಲ್ಲಿ ಆರು ಟ್ಯಾಕಲ್‌ಗೆ (ಚೆಂಡು ಹಿಡಿದವರನ್ನು ತಡೆದು ಕೆಡವುವುದು) ಚೆಂಡು ಎದುರಾಳಿಗೆ ಹೋಗುತ್ತದೆ, ರಕ್ಷಣೆಯವರು ಹತ್ತು ಮೀಟರ್ ಹಿಂದೆ ನಿಲ್ಲಬೇಕು, ಪಕ್ಕದ ಗೆರೆಯಿಂದ ಚೆಂಡು ಎಸೆದು ಆಡುವ ಲೈನ್‌ಔಟ್ ಇಲ್ಲ. ಮೈದಾನದ ಅಂಚಿನಲ್ಲಿ ಓಡುವ ವಿಂಗರ್‌ಗೆ ಸಿಗುವ ಜಾಗವೇ ಬೇರೆ. ಆರರ ಮಿತಿಯೂ ಮೊದಲಿಂದ ಇದ್ದದ್ದಲ್ಲ, 1966ರಲ್ಲಿ ನಾಲ್ಕು, 1972ರಿಂದ ಆರು. ಬಾಸ್ಟನ್ ಅವರ 571 ಟ್ರೈಗಳಲ್ಲಿ ಬಹುಪಾಲು ಯಾವ ಮಿತಿಯೂ ಇಲ್ಲದ ಕಾಲದವು. ಇನ್ನು ಯೂನಿಯನ್‌ನ ಟ್ರೈ ಪಕ್ಕದಲ್ಲಿಟ್ಟು ಕೂಡಿಸಿ ಏನು ಮಾಡುವುದು?

ಕ್ಯಾಪ್

ವೇಲ್ಸ್ ಕ್ಯಾಪ್ ಬೇರೆ, ಲಯನ್ಸ್ ಟೆಸ್ಟ್ ಬೇರೆ. ವಾಟ್ಕಿನ್ಸ್ ವೇಲ್ಸ್‌ಗೆ 21, 1966ರ ಲಯನ್ಸ್ ಪ್ರವಾಸದಲ್ಲಿ 6 ಟೆಸ್ಟ್. ಎಲ್ಲಾದರೂ 27 ಎಂದು ಕಂಡರೆ ಯಾರೋ ಎರಡನ್ನೂ ಕೂಡಿಸಿದ್ದಾರೆ ಎಂದು ತಿಳಿಯಿರಿ. ಗ್ಯಾರೆತ್ ಥಾಮಸ್ ಅವರ 100ಕ್ಕೂ 103ಕ್ಕೂ ಇರುವ ವ್ಯತ್ಯಾಸ 2005ರ ಮೂರು ಲಯನ್ಸ್ ಟೆಸ್ಟ್.

ಲೀಗ್ ಕಡೆ ಇನ್ನೂ ನಾಜೂಕು. ಅಲ್ಲಿ ಗ್ರೇಟ್ ಬ್ರಿಟನ್ ತಂಡವೇ ಮೇಲ್ಮಟ್ಟ. ವೇಲ್ಸ್ ಲೀಗ್ ತಂಡ ಇದ್ದೂ ಇಲ್ಲದಂತೆ ಬಂದು ಹೋಗುತ್ತಿತ್ತು. 1984ರ ನಂತರ 1991ರವರೆಗೆ ಅದು ಆಡಲೇ ಇಲ್ಲ. ಆ ನಡುವೆ ದಾಟಿದವರ ವೇಲ್ಸ್ ಲೀಗ್ ಕಾಲಂ ಖಾಲಿ ಇದ್ದರೆ ಅದು ಆಯ್ಕೆಯಾಗದ ಗುರುತಲ್ಲ, ತಂಡವೇ ಇರಲಿಲ್ಲ. ಈ ಒಂದು ವಾಕ್ಯವನ್ನು ಲೇಖನದಲ್ಲಿ ಸೇರಿಸಿ. ಇಲ್ಲವಾದರೆ ಓದುಗರು ಆಟಗಾರ ವಿಫಲರಾದರೆಂದು ಓದಿಕೊಳ್ಳುತ್ತಾರೆ. ಡೇವಿಸ್ 1989ರಲ್ಲಿ ದಾಟಿದರೂ ವೇಲ್ಸ್ ಲೀಗ್ ಜರ್ಸಿ ತೊಡಲು 1991ರವರೆಗೆ ಕಾಯಬೇಕಾದದ್ದು ಇದೇ ಕಾರಣಕ್ಕೆ. 1995ರ ವಿಶ್ವಕಪ್ ಸೆಮಿಫೈನಲ್‌ಗೆ ವೇಲ್ಸ್ ಹೋದಾಗ ಅವರೇ ನಾಯಕ.

ಪ್ರತಿ ಆಟಗಾರರಿಗೂ ಕೊಡುವ ಕ್ರಮಸಂಖ್ಯೆಯನ್ನು, ಅಂದರೆ ತಂಡಕ್ಕೆ ಆಡಿದವರಲ್ಲಿ ಎಷ್ಟನೆಯವರು ಎಂಬ ಅಂಕಿಯನ್ನು, ಕ್ಯಾಪ್ ಎಂದು ಬರೆಯಬೇಡಿ. ಪಂದ್ಯಗಳ ಕಾಲಂನಲ್ಲಿ 120+6 ಎಂದು ಕಂಡರೆ 120 ಸಲ ಆರಂಭದಿಂದ, 6 ಸಲ ಬದಲಿಯಾಗಿ ಎಂದು ಅರ್ಥ.

ಜರ್ಸಿ ನಂಬರ್ ನೋಡಿ ಸ್ಥಾನ ಹೇಳುವ ಮುನ್ನ

ಯೂನಿಯನ್‌ನ ಫ್ಲೈ-ಹಾಫ್ 10, ಲೀಗ್‌ನ ಸ್ಟ್ಯಾಂಡ್-ಆಫ್ 6. ಫುಲ್‌ಬ್ಯಾಕ್ ಅಲ್ಲಿ 15, ಇಲ್ಲಿ 1. ಸ್ಕ್ರಮ್-ಹಾಫ್ ಅಲ್ಲಿ 9, ಇಲ್ಲಿ 7. ವಿಂಗರ್‌ಗಳು ಅಲ್ಲಿ 11 ಮತ್ತು 14, ಇಲ್ಲಿ 2 ಮತ್ತು 5. ಫ್ಲ್ಯಾಂಕರ್ ಎಂಬ ಸ್ಥಾನ ಲೀಗ್‌ನಲ್ಲಿ ಇಲ್ಲವೇ ಇಲ್ಲ. ಯೂನಿಯನ್‌ನ ಆ ಇಬ್ಬರನ್ನು ಕೈಬಿಟ್ಟದ್ದರಿಂದಲೇ 15 ಹೋಗಿ 13 ಆದದ್ದು, 1906ರಲ್ಲಿ. ಹಳೆಯ ಫೋಟೊದಲ್ಲಿ ಬೆನ್ನ ಮೇಲೆ 6 ಇದ್ದರೆ ಮೊದಲು ಯಾವ ಆಟ ಎಂದು ಗೊತ್ತುಮಾಡಿಕೊಳ್ಳಿ. ಬ್ರಿಟನ್‌ನ ಮೇಲ್ಮಟ್ಟದ ಲೀಗ್ ಟೂರ್ನಿಯಾದ ಸೂಪರ್ ಲೀಗ್ ಬಂದ 1996ರಿಂದ ಈಚೆಗಿನ ಫೋಟೊ ಆದರೆ ಆ ದಾರಿಯೂ ಮುಚ್ಚಿದಂತೆ. ಇಡೀ ಋತುವಿಗೆ ಒಬ್ಬರಿಗೆ ಒಂದೇ ನಂಬರ್ ಕೊಡುವ ಪದ್ಧತಿ ಬಂದ ಮೇಲೆ ನಂಬರಿಗೂ ಆ ದಿನದ ಸ್ಥಾನಕ್ಕೂ ನಂಟಿರಬೇಕೆಂದಿಲ್ಲ.

ಸೂಪರ್ ಲೀಗ್‌ನಿಂದ ಇನ್ನೊಂದು ಬದಲಾವಣೆ: ಚಳಿಗಾಲದ ಆಟ ಬೇಸಿಗೆಗೆ ಬಂತು. 1995ರವರೆಗೆ ಋತು 1956–57 ಎಂದು ಎರಡು ವರ್ಷ ಹಿಡಿಯುತ್ತಿದ್ದರೆ, 1996ರಿಂದ ಒಂದೇ ವರ್ಷ. ಯೂನಿಯನ್ ಹಾಳೆಯಲ್ಲಿ ಎರಡು ವರ್ಷದ ಪದ್ಧತಿಯೇ ಮುಂದುವರಿಯುತ್ತದೆ. ಬ್ರಿಟನ್‌ನ ಬಿಡುವಿನಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ ಆಡಿದವರಿಗೆ ಒಂದೇ ವರ್ಷದಲ್ಲಿ ಎರಡು ಕ್ಲಬ್ ಬರುತ್ತದೆ. ಡೇವಿಸ್ 1991ರಲ್ಲಿ ಕ್ಯಾಂಟರ್ಬರಿ-ಬ್ಯಾಂಕ್ಸ್‌ಟೌನ್‌ಗೆ ಆಡಿದ್ದು ತಮ್ಮ ಬ್ರಿಟಿಷ್ ಕ್ಲಬ್ ವಿಡ್ನೆಸ್ ಬಿಟ್ಟು ಅಲ್ಲ.

ಹೆಸರುಗಳ ಕಾಟ

ವೇಲ್ಸ್‌ನಲ್ಲಿ ಜೋನ್ಸ್, ಡೇವಿಸ್, ಥಾಮಸ್, ವಿಲಿಯಮ್ಸ್ ಎಂಬ ಕುಲನಾಮಗಳು ನಮ್ಮಲ್ಲಿನ ಗೌಡ, ಶೆಟ್ಟಿ, ರಾವ್‌ಗಳಷ್ಟೇ ಹೇರಳ. ಜೊನಾಥನ್ ಡೇವಿಸ್ ಇಬ್ಬರು: 1962ರಲ್ಲಿ ಹುಟ್ಟಿದ ಎರಡೂ ರಗ್ಬಿಯ ಫ್ಲೈ-ಹಾಫ್, 1988ರಲ್ಲಿ ಹುಟ್ಟಿದ ಯೂನಿಯನ್ ಸೆಂಟರ್. ಕಿರಿಯರು ಆಡಿದ್ದು ಸ್ಕಾರ್ಲೆಟ್ಸ್‌ಗೆ, ಅದರ ತವರು ಹಿರಿಯರು ಆಡಿದ ಲನೆಥ್ಲಿಯೇ, ಹಾಗಾಗಿ ಊರು ನೋಡಿ ಬೇರ್ಪಡಿಸಲು ಆಗದು. ಗ್ಯಾರೆತ್ ಥಾಮಸ್ ಕೂಡ ಇಬ್ಬರು, 1974ರಲ್ಲಿ ಹುಟ್ಟಿದವರು ಎರಡೂ ಆಡಿದ ಹಿಂಬದಿಯ ಆಟಗಾರ, 1993ರವರು ಪ್ರಾಪ್. ಹುಟ್ಟಿದ ವರ್ಷವಿಲ್ಲದೆ ಹಾಳೆಯ ತಲೆಬರಹ ಬರೆಯಲೇಬೇಡಿ. ಹುಡುಕಾಟದಲ್ಲಿ ಬಂದ ಫೋಟೊ ಹಾಕುವ ಮುನ್ನ ಜರ್ಸಿಯ ಕಾಲವನ್ನೂ ನೋಡಿ.

ನಿಷೇಧದ ಕಾಲದಲ್ಲಿ ಲೀಗ್ ಕ್ಲಬ್‌ಗೆ ಪರೀಕ್ಷಾರ್ಥ ಆಡಿದ ಯೂನಿಯನ್ ಆಟಗಾರನ ಹೆಸರು ಹೊರಬಿದ್ದರೆ ಅವನ ಯೂನಿಯನ್ ಬದುಕು ಮುಗಿದಂತೆ. ಆದ್ದರಿಂದ ತಂಡದ ಪಟ್ಟಿಯಲ್ಲಿ 'ಎ. ಎನ್. ಅದರ್' (ಇಂಗ್ಲಿಷ್‌ನಲ್ಲಿ another, 'ಇನ್ನೊಬ್ಬ') ಎಂದು ಹಾಕುತ್ತಿದ್ದರು. ಅದನ್ನು ಒಬ್ಬ ಆಟಗಾರನೆಂದು ಎಣಿಸಿದವರೂ ಇದ್ದಾರೆ.

ಬೆಂಗಳೂರಿನಲ್ಲಿ ಕೂತು ಮೂಲ ಹುಡುಕುವುದು

ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ರಗ್ಬಿ ವಾರ್ಷಿಕವೊಂದು ಸಿಕ್ಕರೆ ಅದೃಷ್ಟ. ಅದು ಯಾವ ಆಟದ್ದು, ಯಾವ ಋತುವಿನದು ಎಂದು ನೋಡಿಯೇ ಕೊಳ್ಳಿ. ಅವೆನ್ಯೂ ರಸ್ತೆಯನ್ನು ಇದಕ್ಕಾಗಿ ಸುತ್ತಬೇಡಿ. ನಿಜವಾದ ಕೆಲಸ ಮನೆಯಿಂದಲೇ ಆಗುತ್ತದೆ. ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ಪತ್ರಿಕಾ ಸಂಗ್ರಹ ಉಚಿತ, ಆದರೆ 1919ಕ್ಕೆ ನಿಲ್ಲುತ್ತದೆ. ನಾರ್ದರ್ನ್ ಯೂನಿಯನ್ ಕಾಲದವರಿಗೆ ಮಾತ್ರ ಉಪಯೋಗ. ಬ್ರಿಟಿಷ್ ಪತ್ರಿಕೆಗಳ ದೊಡ್ಡ ಸಂಗ್ರಹಕ್ಕೆ ಹಣ ಕಟ್ಟಬೇಕು. ಹಣ ಕಟ್ಟದೆ ಅರ್ಧ ಕೆಲಸ ಮುಗಿಸುವ ದಾರಿ ದಕ್ಷಿಣ ಗೋಳಾರ್ಧದಲ್ಲಿದೆ. ಹಳೆಯ ಪತ್ರಿಕೆಗಳ ಆನ್‌ಲೈನ್ ಸಂಗ್ರಹಗಳಾದ ಆಸ್ಟ್ರೇಲಿಯದ ಟ್ರೋವ್ ಮತ್ತು ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್ ಎರಡೂ ಉಚಿತ. 1950ರ ಲಯನ್ಸ್ ಪ್ರವಾಸದ ಜೋನ್ಸ್, 1954ರ ಲೀಗ್ ಪ್ರವಾಸದಲ್ಲಿ 36 ಟ್ರೈ ಹೊಡೆದ ಬಾಸ್ಟನ್, ಇವರ ಪಂದ್ಯವರದಿಗಳಿಗೆ ಟ್ರೋವ್‌ನಲ್ಲಿ ಹುಡುಕಿ. ದಿ ಕ್ಯಾನ್‌ಬೆರಾ ಟೈಮ್ಸ್ ಅಲ್ಲಿ 1995ರವರೆಗೆ ಇರುವುದರಿಂದ, 1989ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ವಿಡ್ನೆಸ್ ತಂಡ ಕ್ಯಾನ್‌ಬೆರಾ ರೇಡರ್ಸ್ ತಂಡವನ್ನು 30–18ರಿಂದ ಸೋಲಿಸಿದ ಪಂದ್ಯವನ್ನು ಸೋತವರ ಊರಿನ ಪತ್ರಿಕೆಯಲ್ಲೇ ಓದಬಹುದು. ಪತ್ರಿಕೆಯ ದಿನಾಂಕವನ್ನು ಪಂದ್ಯದ ದಿನಾಂಕವೆಂದು ಬರೆಯಬೇಡಿ. ಬ್ರಿಟನ್‌ನ ರಾತ್ರಿ ಪಂದ್ಯ ನಮ್ಮಲ್ಲಿ ಮುಗಿಯುವುದು ಮರುದಿನದ ನಸುಕಿಗೆ, ಆಸ್ಟ್ರೇಲಿಯದಲ್ಲಿ ಅಷ್ಟು ಹೊತ್ತಿಗೆ ಬೆಳಗಿನ ಪತ್ರಿಕೆ ಹಂಚಿಯಾಗಿರುತ್ತದೆ.

ಬರೆಯುವಾಗ

ಮೊದಲ ಪ್ಯಾರಾದಲ್ಲಿ ದಾಟಿದ ವರ್ಷ ಮತ್ತು ಎರಡೂ ಆಟದ ಕ್ಲಬ್‌ಗಳು ಇರಲಿ, ಮೊತ್ತಗಳು ಬೇಡ. ಒಂದು ಮಾದರಿ:

'ಜೊನಾಥನ್ ಡೇವಿಸ್ ವೇಲ್ಸ್‌ನ ಮಾಜಿ ರಗ್ಬಿ ಆಟಗಾರ. ಜನನ 1962ರ ಅಕ್ಟೋಬರ್ 24, ಟ್ರಿಮ್‌ಸಾರನ್. ರಗ್ಬಿ ಯೂನಿಯನ್‌ನಲ್ಲಿ ನೀಥ್ ಮತ್ತು ಲನೆಥ್ಲಿ ಕ್ಲಬ್‌ಗಳ ಫ್ಲೈ-ಹಾಫ್ ಆಗಿದ್ದ ಅವರು 1985ರಲ್ಲಿ ಇಂಗ್ಲೆಂಡ್ ವಿರುದ್ಧ ವೇಲ್ಸ್ ಪರ ಮೊದಲ ಪಂದ್ಯ ಆಡಿದರು. 1989ರ ಜನವರಿಯಲ್ಲಿ ವಿಡ್ನೆಸ್ ಸೇರಿ ಹದಿಮೂರು ಜನರ ರಗ್ಬಿ ಲೀಗ್‌ಗೆ ದಾಟಿದರು, 1993ರಲ್ಲಿ ವಾರಿಂಗ್ಟನ್‌ಗೆ ಹೋದರು. 1994ರ ಅಕ್ಟೋಬರ್‌ನಲ್ಲಿ ವೆಂಬ್ಲಿಯಲ್ಲಿ ಹನ್ನೆರಡು ಜನರಿಗೆ ಇಳಿದಿದ್ದ ಗ್ರೇಟ್ ಬ್ರಿಟನ್ ಆಸ್ಟ್ರೇಲಿಯವನ್ನು 8–4ರಿಂದ ಸೋಲಿಸಿದಾಗ ಫುಲ್‌ಬ್ಯಾಕ್ ಸ್ಥಾನದಲ್ಲಿದ್ದು ಟ್ರೈ ಗಳಿಸಿದರು. 1995ರಲ್ಲಿ ಯೂನಿಯನ್ ಮುಕ್ತವಾದ ಮೇಲೆ ಕಾರ್ಡಿಫ್ ಮೂಲಕ ಮರಳಿ ಮತ್ತೆ ವೇಲ್ಸ್‌ಗೆ ಆಡಿ, 1997ರಲ್ಲಿ ನಿವೃತ್ತರಾದರು.'

ಇದರಲ್ಲಿ ವಿಡ್ನೆಸ್ ಕೊಟ್ಟ ಹಣದ ಮಾತಿಲ್ಲ. ಹಳೆಯ ವರ್ಗಾವಣೆಗಳಲ್ಲಿ, ಉದಾಹರಣೆಗೆ ಸಲಿವನ್‌ಗೆ 750 ಪೌಂಡ್, 1952ರಲ್ಲಿ ಜೋನ್ಸ್‌ಗೆ 6,000 ಪೌಂಡ್, ಮೊತ್ತ ಕೈಗೆ ಬಂದ ಇಡಿಗಂಟು. 1980ರ ದಶಕದ ಸುದ್ದಿಗಳಲ್ಲಿ ಹಲವು ವರ್ಷದ ಸಂಬಳ, ಬೋನಸ್ ಎಲ್ಲ ಸೇರಿಸಿ ಒಂದು ದೊಡ್ಡ ಸಂಖ್ಯೆ ಹಾಕಿರುತ್ತಾರೆ, ಪತ್ರಿಕೆಯಿಂದ ಪತ್ರಿಕೆಗೆ ಅದು ಬದಲಾಗುತ್ತದೆ. ಹಾಕಲೇಬೇಕೆಂದರೆ 'ಎಂದು ವರದಿಯಾಗಿತ್ತು' ಎಂದು ಸೇರಿಸಿ, ಪೌಂಡ್‌ನಲ್ಲೇ ಬಿಡಿ. ಇಂದಿನ ದರದಲ್ಲಿ ರೂಪಾಯಿಗೆ ಬದಲಿಸಿದರೆ 1921ರ 750 ಪೌಂಡ್ ಒಂದು ಒಳ್ಳೆಯ ಮೊಬೈಲ್‌ನ ಬೆಲೆಯಂತೆ ಕಾಣುತ್ತದೆ.